ದನ ತಿನ್ನೋ ಕಾರು

ಗುಜರಿಯವನು ಬಾನೆಟ್ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಕುಟ್ಟಿ ನೋಡಿದ. ಟಕ್ ಟಕ್. ಆಮೇಲೆ ಬಾಗಿಲು, ಆಮೇಲೆ ಹಿಂದಿನ ಮಡ್‌ಗಾರ್ಡು. ಎಲ್ಲ ಕಡೆಯೂ ಒಣಗಿದ ಸೋರೆ ಬುರುಡೆ ಕುಟ್ಟಿದ ಹಾಗೆ ಅದೇ ಸದ್ದು.

“ಸಾರ್, ಇದರಲ್ಲಿ ಕಬ್ಬಿಣ ಎಲ್ಲಿದೆ?”

“ಕೆಳಗಡೆ ಚಾಸಿ ಇದೆಯಲ್ಲಪ್ಪ. ಎಂಜಿನ್ ಅಲ್ಯೂಮಿನಿಯಂದು.”

“ಅದಕ್ಕೆ ರೇಟು ಹಾಕ್ತೀನಿ. ಬಾಡಿ ನನಗೆ ಬೇಡ. ಹೊತ್ಕೊಂಡು ಹೋಗಿ ಎಸೀಬೇಕು ಅಂದ್ರೆ ನೀವೇ ನನಗೆ ದುಡ್ಡು ಕೊಡಬೇಕಾಗುತ್ತೆ.”

ಇದು ನಡೆದದ್ದು 2022ರ ಬೇಸಿಗೆಯಲ್ಲಿ, ತ್ಯಾಗರಾಜನಗರದ ನಮ್ಮ ಸೋದರಮಾವನ ಮನೆಯ ಪಕ್ಕದ ಓಣಿಯಲ್ಲಿ. ಅಲ್ಲಿ ಶೀಟ್ ಹೊದಿಸಿದ ಶೆಡ್ಡಿನೊಳಗೆ ಮಾವನ ಸಿಪಾನಿ ಡಾಲ್ಫಿನ್ ಕಾರು ಸುಮಾರು ಇಪ್ಪತ್ತು ವರ್ಷದಿಂದ ನಿಂತಿತ್ತು. ಶಾಸ್ತ್ರಕ್ಕೆ ಅದು ಕಾರು. ನಿಜಕ್ಕೆ ಹಳೇ ಪೇಪರ್, ಒಡೆದ ಕೊಡಪಾನ, ಬೆಕ್ಕಿನ ಬಾಣಂತನ, ಎಲ್ಲಕ್ಕೂ ಅದೊಂದು ಗೋಡೌನು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅತ್ತೆ “ಇದನ್ನ ಇನ್ನಾದರೂ ಸಾಗಹಾಕ್ರೋ” ಅಂದರು. ಸಾಗಹಾಕೋಕೆ ಹೋದರೆ ಹೀಗೆ! ಮಾರುತಿ ಆಗಿದ್ದರೆ ತೂಕದ ಲೆಕ್ಕದಲ್ಲಾದರೂ ಹೋಗುತ್ತಿತ್ತು. ಫೈಬರ್‌ಗ್ಲಾಸನ್ನು ಕರಗಿಸೋಕೆ ಆಗಲ್ಲ. ಒಮ್ಮೆ ಗಟ್ಟಿಯಾಯಿತು ಅಂದರೆ ಮುಗಿಯಿತು, ಬೇಯಿಸಿದ ಮೊಟ್ಟೆಯನ್ನು ಮತ್ತೆ ಹಸಿ ಮಾಡೋಕೆ ಆಗಲ್ಲವಲ್ಲ, ಹಾಗೆ.

ಮಾವ ಜಗಲಿ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಎಂಬತ್ತು ದಾಟಿದೆ, ಕಿವಿ ಮಾತ್ರ ಚುರುಕು. ಗುಜರಿಯವನು ಹೋದ ಮೇಲೆ ಒಂದೇ ಮಾತು ಅಂದರು. “ಎಸೆಯೋಕೆ ದುಡ್ಡು ಕೊಡೋ ಬದಲು ರಿಪೇರಿಗೆ ಕೊಡಬಹುದಲ್ಲೋ.”

ಹಾಗೆ ಶುರುವಾಯಿತು ನೋಡಿ.

ಇಷ್ಟು ಹೇಳಿದ ಮೇಲೆ ಡಾಲ್ಫಿನ್ ಅಂದರೇನು ಅಂತ ಹೇಳದೆ ಇರೋಕಾಗಲ್ಲ. ಐವತ್ತು ದಾಟಿದ ಬೆಂಗಳೂರಿಗರಿಗೆ ನೆನಪಿರಬಹುದು, ಉಳಿದವರು ಹೆಸರೇ ಕೇಳಿರಲಾರಿರಿ. ಕಾರು ಅಂದರೆ ಅಂಬಾಸಿಡರ್, ಇಲ್ಲವೇ ಪ್ರೀಮಿಯರ್ ಪದ್ಮಿನಿ ಅಂತಿದ್ದ ಕಾಲ ಅದು. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯ ಗೆಝಲ್ 1977ಕ್ಕೆ ನಿಂತುಹೋಗಿತ್ತು. ಕಾರು ಬೇಕು ಅಂದರೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಅಂಥ ದಿನಗಳಲ್ಲಿ, 1970ರ ದಶಕದ ನಡುವೆ, ನಮ್ಮ ಬೆಂಗಳೂರಿನಲ್ಲಿ ಸನ್‌ರೈಸ್ ಅನ್ನೋ ಕಂಪನಿಯೊಂದು ‘ಬಾದಲ್’ ಅನ್ನೋ ಮೂರು ಚಕ್ರದ ಕಾರು ಮಾಡಿತು. ಮುಂದೆ ಒಂದು ಚಕ್ರ, ಹಿಂದೆ ಎರಡು, ಹಿಂಭಾಗದಲ್ಲಿ 198 ಸಿಸಿಯ ಟೂ ಸ್ಟ್ರೋಕ್ ಎಂಜಿನ್. ಆಟೋಗೂ ಕಾರಿಗೂ ಹುಟ್ಟಿದ ಕೂಸಿನ ಹಾಗಿತ್ತು. ಅದರ ಬಾಡಿ ಫೈಬರ್‌ಗ್ಲಾಸಿನದು. ಇದೇ ಕಂಪನಿ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆಯಿತು, ಬಾದಲ್‌ಗೆ ನಾಲ್ಕನೇ ಚಕ್ರ ಬಂತು, ಆಮೇಲೆ 1982ರಲ್ಲಿ ಡಾಲ್ಫಿನ್ ಬಂತು.

ಡಾಲ್ಫಿನ್ ನಮ್ಮಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯ ‘ಕಿಟನ್’ ಅನ್ನೋ ಕಾರಿನ ಭಾರತದ ಅವತಾರ. (ನಮ್ಮ ಅಂಬಾನಿಗಳಿಗೂ ಈ ರಿಲಯಂಟ್‌ಗೂ ಸಂಬಂಧ ಇಲ್ಲ ಕಣ್ರೀ.) ಕಿಟನ್ 1975ರಲ್ಲಿ ಬಂದು 1982ಕ್ಕೆ ಅಲ್ಲಿ ನಿಂತಿತು. ತಯಾರಾದದ್ದು ನಾಲ್ಕು ಸಾವಿರ ಚಿಲ್ಲರೆ ಅಷ್ಟೇ. 848 ಸಿಸಿ, ನಾಲ್ಕು ಸಿಲಿಂಡರ್, ಪೂರ್ತಿ ಅಲ್ಯೂಮಿನಿಯಂ ಎಂಜಿನ್. ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಫೈಬರ್‌ಗ್ಲಾಸ್ ಬಾಡಿ. ಇಡೀ ಕಾರಿನ ತೂಕ ಐನೂರು ಕೆಜಿಯ ಆಸುಪಾಸು. ಅಂಬಾಸಿಡರಿನ ಅರ್ಧಕ್ಕಿಂತ ಕಡಿಮೆ. ಹಗುರ ಅನ್ನೋ ಕಾರಣಕ್ಕೇ ಷೋಲಾವರಂನಲ್ಲಿ ರೇಸ್ ಓಡಿಸುವ ಹುಡುಗರು ಡಾಲ್ಫಿನ್ ಇಷ್ಟಪಟ್ಟದ್ದುಂಟು. ತಿರುಗಿಸೋಕೆ 24 ಅಡಿ ಜಾಗ ಸಾಕು. ನಮ್ಮ ತ್ಯಾಗರಾಜನಗರದ ಕ್ರಾಸುಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಮಾವ 1984ರಲ್ಲಿ ಇದನ್ನು ತಂದರು. ಆಗಲೇ ಮಾರುತಿ ಬಂದಾಗಿತ್ತು. 1983ರ ಡಿಸೆಂಬರ್ 14ರಂದು ದಿಲ್ಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿಯ ಕೀಲಿ ಕೊಟ್ಟ ಫೋಟೋ ನೀವೆಲ್ಲ ನೋಡಿರುತ್ತೀರಿ. ಉಕ್ಕಿನ ಬಾಡಿ, ನಾಲ್ಕು ಬಾಗಿಲು, ಜಪಾನಿನ ಎಂಜಿನ್. ಡಾಲ್ಫಿನ್‌ಗೆ ಎರಡೇ ಬಾಗಿಲು. ಸೀಟು ಮಡಚಿ ಹಿಂದೆ ತೂರಬೇಕು. ನಮ್ಮಜ್ಜಿ ಒಂದು ಸಲ ತೂರಿ ಕೂತವರು ಗಾಂಧಿ ಬಜಾರಿನಲ್ಲಿ ಇಳಿಯೋಕೆ ಒಪ್ಪಲೇ ಇಲ್ಲ, ಮತ್ತೆ ಹತ್ತೋಕಾಗಲ್ಲ ಅಂತ :) ಹೋದವರೆಲ್ಲ ತರಕಾರಿ ತಂದು ಕಿಟಕಿಯಲ್ಲೇ ಅವರಿಗೆ ತೋರಿಸಿದ್ದಾಯಿತು.

ಮಾವನ ಸ್ನೇಹಿತರ ಪೈಕಿ ಒಬ್ಬರೂ ಬಿಡಲಿಲ್ಲ. ಪ್ಲಾಸ್ಟಿಕ್ ಕಾರು, ಬಕೆಟ್ಟು, ಬೆಂಕಿಪೊಟ್ಟಣ... ಎಲ್ಲಕ್ಕಿಂತ ಹೆಚ್ಚು ಬಾಳಿಕೆ ಬಂದದ್ದು “ದನ ಬಂದು ತಿಂದುಬಿಟ್ಟೀತು, ಒಳಗೆ ಕಟ್ರೀ” ಅನ್ನೋ ಮಾತು. ನೆಟ್ಟಕಲ್ಲಪ್ಪ ಸರ್ಕಲ್ ಕಡೆಯಿಂದ ಬಿಡಾಡಿ ದನಗಳು ನಿಜಕ್ಕೂ ಬರುತ್ತಿದ್ದವು, ಅದಕ್ಕೇ ನಮಗೆ ಮಕ್ಕಳಿಗೆ ಅದು ಬರೀ ತಮಾಷೆ ಅಂತ ಅನ್ನಿಸಿರಲಿಲ್ಲ. ನಾನು ಕಾವಲು ಕೂತದ್ದೂ ಇದೆ.

ತೀರಾ ಈಚೆಗೆ ಈ ಕಾರಿನ ಬಗ್ಗೆ ಓದುತ್ತಾ ಹೋದಾಗ ಒಂದು ವಿಷಯ ಗೊತ್ತಾಗಿ ಜೋರಾಗಿ ನಕ್ಕೆ. ಈ ಜೋಕು ನಮ್ಮದಲ್ಲ! ಇದೇ ರಿಲಯಂಟ್ ಕಂಪನಿ 1950ರ ದಶಕದ ಕೊನೆಯಿಂದ ಇಸ್ರೇಲಿನ ಹೈಫಾದಲ್ಲಿ ಒಂದು ಕಂಪನಿಗೆ ಫೈಬರ್‌ಗ್ಲಾಸ್ ಕಾರು ಮಾಡೋಕೆ ಕೈಜೋಡಿಸಿತ್ತು. ಆ ಕಾರಿನ ಹೆಸರು ಸುಸ್ಸಿತಾ. ಅಲ್ಲಿನ ಜನ ಹೇಳುತ್ತಿದ್ದದ್ದು ಏನು ಗೊತ್ತಾ? ಸುಸ್ಸಿತಾ ಕಾರನ್ನು ಒಂಟೆ ತಿನ್ನುತ್ತೆ ಅಂತ. ಇಸ್ರೇಲಿನ ಫೈಬರ್‌ಗ್ಲಾಸ್ ಗಾಡಿ ನೋಡಿ ತುರ್ಕಿಯ ಕೋಚ್ ಮನೆತನದ ಉದ್ಯಮಿಗಳಿಗೆ ಆಸೆಯಾಯಿತು. ಅವರೂ ರಿಲಯಂಟ್ ಹತ್ತಿರ ಹೋದರು. 1966ರ ಡಿಸೆಂಬರಿನಲ್ಲಿ ‘ಅನಾದೋಲ್’ ಅನ್ನೋ ಕಾರು ತಯಾರಾಗೋಕೆ ಶುರುವಾಯಿತು. ಅಲ್ಲೂ ಅದೇ ಕತೆ, ಎತ್ತು ಹಸು ಬಂದು ಅನಾದೋಲ್ ತಿಂದವಂತೆ! ಇನ್ನು ಪೂರ್ವ ಜರ್ಮನಿಯ ಟ್ರಾಬಾಂಟ್. ಅದು ಫೈಬರ್‌ಗ್ಲಾಸ್ ಅಲ್ಲ, ಹತ್ತಿಯ ತ್ಯಾಜ್ಯಕ್ಕೆ ರಾಳ ಬೆರೆಸಿ ಒತ್ತಿದ ಹಲಗೆ, ಆದರೆ ಹತ್ತಿರದ ನೆಂಟ. ಅದನ್ನು ಹಂದಿ ತಿನ್ನುತ್ತೆ ಅನ್ನೋ ತಮಾಷೆ ಕುಸ್ತುರಿತ್ಸಾನ 1998ರ ‘ಬ್ಲ್ಯಾಕ್ ಕ್ಯಾಟ್, ವೈಟ್ ಕ್ಯಾಟ್’ ಸಿನಿಮಾದಲ್ಲಿ ಪೂರ್ತಿ ಉದ್ದಕ್ಕೂ ಬರುತ್ತೆ. ಹೈಫಾದಲ್ಲಿ ಒಂಟೆ, ತುರ್ಕಿಯಲ್ಲಿ ಎತ್ತು, ಜರ್ಮನಿಯಲ್ಲಿ ಹಂದಿ, ತ್ಯಾಗರಾಜನಗರದಲ್ಲಿ ದನ. ಊರಿಗೊಂದು ಪ್ರಾಣಿ.

ನಗು ನಿಂತ ಮೇಲೆ ಒಂದು ಪ್ರಶ್ನೆ ಉಳಿಯಿತು. ಸ್ವಂತ ಕಾರು ಕಾರ್ಖಾನೆ ಇಲ್ಲದ ಊರುಗಳೆಲ್ಲ ಯಾಕೆ ಇದೇ ಗಾಜಿನ ನೂಲಿಗೆ ಬಿದ್ದವು?

ಇದಕ್ಕೆ ಉತ್ತರ ಪುಸ್ತಕದಲ್ಲಿ ಹುಡುಕಬೇಕಾಗಿರಲಿಲ್ಲ, ಜಗಲಿ ಮೇಲೇ ಕೂತಿತ್ತು. ನಮ್ಮ ಮಾವ ಜಾಲಹಳ್ಳಿಯ ಎಚ್ಚೆಮ್ಟಿಯಲ್ಲಿ ಟೂಲ್ ರೂಮಿನಲ್ಲಿದ್ದವರು. ಡೈ ಅಂದರೆ ಏನು, ಅದಕ್ಕೆ ಎಷ್ಟು ಬೆವರು ಬೇಕು ಅಂತ ಕೈಯಾರೆ ಬಲ್ಲವರು. ಅವರು ಹೇಳಿದ್ದು ಇಷ್ಟು. ಉಕ್ಕಿನ ತಗಡಿನಲ್ಲಿ ಒಂದು ಮಡ್‌ಗಾರ್ಡ್ ಮಾಡಬೇಕು ಅಂದರೆ ಒಂದು ಡೈ ಸಾಲದು. ತಗಡನ್ನು ಎಳೆದು ಆಕಾರ ಕೊಡೋಕೆ ಒಂದು, ಅಂಚು ಕತ್ತರಿಸೋಕೆ ಒಂದು, ಅಂಚು ಮಡಚೋಕೆ ಒಂದು, ತೂತು ಹೊಡೆಯೋಕೆ ಇನ್ನೊಂದು. ಒಂದೊಂದೂ ಟನ್‌ಗಟ್ಟಲೆ ತೂಕದ ಎರಕ, ಕೂದಲೆಳೆ ಲೆಕ್ಕದಲ್ಲಿ ತಿದ್ದಿದ್ದು. ಬಾನೆಟ್, ಬಾಗಿಲು, ರೂಫು, ನೆಲ, ಎಲ್ಲಕ್ಕೂ ಹೀಗೇ. ಅವನ್ನು ಒತ್ತೋಕೆ ಮನೆಯಷ್ಟೆತ್ತರದ ಪ್ರೆಸ್ಸು. ಕಾರು ಲಕ್ಷಗಟ್ಟಲೆ ಮಾರಿದರೆ ಮಾತ್ರ ಈ ಖರ್ಚು ಒಂದೊಂದು ಕಾರಿನ ಮೇಲೆ ಹಂಚಿ ಸಣ್ಣದಾಗುತ್ತೆ. “ಅಂಬಾಸಿಡರ್ ಯಾಕೆ ಮೂತಿ ಬದಲಾಯಿಸಲಿಲ್ಲ ಅಂತ ಎಲ್ಲ ಆಡ್ಕೋತಾರೆ. ಡೈ ಬದಲಾಯಿಸಬೇಕಲ್ಲೋ” ಅಂದರು ಮಾವ. 1957ರ ಸುಮಾರಿಗೆ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಆ ಗುಂಡು ಮೈ 2014ರಲ್ಲಿ ನಿಲ್ಲೋವರೆಗೂ ಹಾಗೇ ಇತ್ತಲ್ಲ.

ಫೈಬರ್‌ಗ್ಲಾಸ್ ಲೆಕ್ಕವೇ ಬೇರೆ. ಒಂದು ಮಾದರಿ ಮಾಡಿ, ಅದರ ಮೇಲೆ ಫೈಬರ್‌ಗ್ಲಾಸಿನಿಂದಲೇ ಅಚ್ಚು ತೆಗೆದು, ಆ ಅಚ್ಚಿಗೆ ಮೇಣ ಸವರಿ, ಗಾಜಿನ ನೂಲಿನ ಮ್ಯಾಟ್ ಹಾಸಿ, ಬ್ರಶ್ಶಿನಲ್ಲಿ ರೆಸಿನ್ ಕುಡಿಸಿದರೆ ಮುಗಿಯಿತು. ಕಾಂಕ್ರೀಟಿನೊಳಗೆ ಕಂಬಿ ಇದ್ದ ಹಾಗೆ ರಾಳದೊಳಗೆ ಗಾಜಿನ ನೂಲು. ಪ್ರೆಸ್ಸಿಲ್ಲ, ಡೈ ಇಲ್ಲ. ಶೆಡ್ಡು, ಕೈ, ಬ್ರಶ್ಶು ಇದ್ದರೆ ಕಾರಿನ ಮೈ ಮಾಡಬಹುದು. ಅಮೆರಿಕದ ಜನರಲ್ ಮೋಟರ್ಸ್‌ನಂಥ ದೈತ್ಯ ಕೂಡ 1953ರಲ್ಲಿ ಮೊದಲ ಕಾರ್ವೆಟ್ಟನ್ನು ಹೀಗೇ ಮಾಡಿದ್ದು. ಆ ವರ್ಷ ಮಾಡಿದ್ದು ಬರೀ 300. ಅಷ್ಟಕ್ಕೆ ಉಕ್ಕಿನ ಡೈ ಮಾಡಿಸೋದು ಅವರಿಗೂ ದುಬಾರಿ. (ಆ ಕಾರಿನ ರೇಡಿಯೋ ಏರಿಯಲ್ಲನ್ನು ಡಿಕ್ಕಿಯ ಮುಚ್ಚಳದೊಳಗೇ ಹುದುಗಿಸಿದ್ದರಂತೆ. ಗಾಜಿನ ಮೈ ರೇಡಿಯೋ ಅಲೆಗೆ ಅಡ್ಡಬರಲ್ಲವಲ್ಲ!) ರಿಲಯಂಟ್ ಕಂಪನಿಗೆ ಇನ್ನೊಂದು ಕಾರಣವೂ ಇತ್ತು. ಇಂಗ್ಲೆಂಡಿನಲ್ಲಿ ಸುಮಾರು 400 ಕೆಜಿಯೊಳಗಿನ ಮೂರು ಚಕ್ರದ ಗಾಡಿಯನ್ನು ಮೋಟರ್‌ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು, ತೆರಿಗೆಯೂ ಕಡಿಮೆ. ಹಗುರ ಅನ್ನೋದೇ ಅವರ ಹೊಟ್ಟೆಪಾಡು.

ಅಂದರೆ ರಿಲಯಂಟ್ ಹೈಫಾಗೂ ತುರ್ಕಿಗೂ ಬೆಂಗಳೂರಿಗೂ ಕಳಿಸಿದ್ದು ಬರೀ ಕಾರಿನ ನಕ್ಷೆ ಅಲ್ಲ, ಪ್ರೆಸ್ಸು ಇಲ್ಲದೆ ಕಾರು ಮಾಡೋ ಉಪಾಯ. ಲೈಸೆನ್ಸು, ಪರ್ಮಿಟ್ಟು, ವಿದೇಶಿ ವಿನಿಮಯದ ಬಿಗಿ ಎಲ್ಲ ಇದ್ದ ಕಾಲದಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿ ಕಾರಿಗೆ ಕೈಹಾಕಿದ್ದು ಈ ಉಪಾಯದ ಬಲದಿಂದಲೇ ಅಂತ ನನಗನ್ನಿಸುತ್ತೆ. ಸೋತದ್ದೂ ಅದರಿಂದಲೇ. ಪ್ರೆಸ್ಸು ಒಂದು ಏಟಿಗೆ ಒಂದು ಮಡ್‌ಗಾರ್ಡು ಉದುರಿಸುತ್ತೆ. ಅಚ್ಚಿನಲ್ಲಿ ರೆಸಿನ್ ಗಟ್ಟಿಯಾಗೋಕೆ ಗಂಟೆಗಟ್ಟಲೆ ಕಾಯಬೇಕು, ಅಲ್ಲಿವರೆಗೆ ಆ ಅಚ್ಚು ಖಾಲಿಯಾಗಲ್ಲ. ನೂರು ಕಾರಿಗೆ ಇದು ಅಗ್ಗ, ಲಕ್ಷ ಕಾರಿಗೆ ಇದು ಆಗದ ಮಾತು. ಮಾರುತಿ ಲಕ್ಷದ ಲೆಕ್ಕ ಹಿಡಿದು ಬಂತು. ಡಾಲ್ಫಿನ್ ಆದ ಮೇಲೆ ಸಿಪಾನಿಯವರು ಹೆಚ್ಚು ಬಾಗಿಲಿನ ಮೊಂಟಾನಾ ಮಾಡಿದರು, ಡೀಸೆಲ್ ಹಾಕಿದರು, 1990ರ ದಶಕದಲ್ಲಿ ಇಂಗ್ಲೆಂಡಿನ ರೋವರ್ ಮೊಂಟೆಗೋ ಜೋಡಿಸಿ ಮಾರಿ ನೋಡಿದರು. ಆ ದಶಕ ಮುಗಿಯೋ ಹೊತ್ತಿಗೆ ಕಾರಿನ ಕತೆ ಮುಗಿದಿತ್ತು.

ಇರಲಿ, ಶೆಡ್ಡಿಗೆ ಬರೋಣ.

ಕಾರಿನ ಮೇಲಿನ ಇಪ್ಪತ್ತು ವರ್ಷದ ಧೂಳು ತೊಳೆದಾಗ ಕಂಡದ್ದು ತಮಾಷೆಯಾಗಿತ್ತು. ಬಾಡಿಗೆ ತುಕ್ಕು ಅನ್ನೋದೇ ಗೊತ್ತಿಲ್ಲ. ತುಕ್ಕು ಹಿಡಿದದ್ದೆಲ್ಲ ಕೆಳಗಿನ ಚಾಸಿಗೆ. ಬೋಲ್ಟು ಬಿಚ್ಚಿ ನಾವು ಆರು ಜನ ಸೇರಿ ಬಾಡಿಯನ್ನು ಮದುವೆ ಮಂಟಪ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಟ್ಟೆವು. ಅಂಬಾಸಿಡರಿನ ಜೊತೆ ಹೀಗೆ ಮಾಡಿ ನೋಡಿ! ಚಾಸಿಗೆ ವೆಲ್ಡಿಂಗು, ಬಣ್ಣ ಆಯಿತು. ಅದು ಎಲ್ಲ ಕಡೆ ನಡೆಯೋ ಕೆಲಸ, ಬರೆಯುವಂಥದ್ದೇನಿಲ್ಲ.

ತೊಂದರೆ ಇದ್ದದ್ದು ಎಡಗಡೆ ಮುಂದಿನ ಮಡ್‌ಗಾರ್ಡಿನಲ್ಲಿ. 1996ರಲ್ಲಿ ಮಾವನೇ ಅದನ್ನು ನಮ್ಮ ಗೇಟಿನ ಕಂಬಕ್ಕೆ ಗುದ್ದಿದ್ದರು. ಉಕ್ಕಾಗಿದ್ದರೆ ನೆಗ್ಗುತ್ತಿತ್ತು, ಟಿಂಕರಿಂಗ್ ಮಾಡೋರು ಒಳಗಿನಿಂದ ಬಡಿದು ಸರಿ ಮಾಡುತ್ತಿದ್ದರು. ಫೈಬರ್‌ಗ್ಲಾಸ್ ನೆಗ್ಗಲ್ಲ, ಸೀಳುತ್ತೆ. ಆಗ ಯಾರೋ ಬೆರಳು ದಪ್ಪ ಪಟ್ಟಿ ಬಳಿದು ಮೇಲೆ ಬಣ್ಣ ಹೊಡೆದಿದ್ದರು. ಪಟ್ಟಿ ಕೆರೆದರೆ ಒಳಗೆ ನಕ್ಷತ್ರದ ಹಾಗೆ ಬಿರುಕು. ಅಷ್ಟೂ ಭಾಗ ಕತ್ತರಿಸಿ ಹೊಸದು ಕೂರಿಸಬೇಕು. ಹೊಸದು ಎಲ್ಲಿಂದ ತರೋದು? ಜೆ.ಸಿ. ರಸ್ತೆಯಲ್ಲಿ ಡಾಲ್ಫಿನ್ ಅಂದರೆ ಒಬ್ಬ ಅಂಗಡಿಯವರು ಅಕ್ವೇರಿಯಂ ಅಂಗಡಿ ದಾರಿ ತೋರಿಸಿದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಇಲ್ಲಿ ನೋಡಿ, ಯಾವುದರಿಂದ ಈ ಕಾರು ಸೋತಿತೋ ಅದೇ ನಮ್ಮನ್ನು ಕಾಪಾಡಿದ್ದು. ಉಕ್ಕಿನ ಕಾರಿನ ಡೈ ಕರಗಿಹೋದ ಮೇಲೆ ಆ ಮಡ್‌ಗಾರ್ಡು ಮತ್ತೆ ಹುಟ್ಟಲ್ಲ. ಫೈಬರ್‌ಗ್ಲಾಸಿನದು ಹಾಗಲ್ಲ. ಇನ್ನೊಂದು ಡಾಲ್ಫಿನ್ ಸಿಕ್ಕರೆ ಅದರ ಮೇಲೆ ಅಚ್ಚು ತೆಗೆದುಕೊಂಡು ನಮ್ಮ ಶೆಡ್ಡಿನಲ್ಲೇ ಮಾಡಿಕೊಳ್ಳಬಹುದು. ಸ್ನೇಹಿತರ ಸ್ನೇಹಿತರೊಬ್ಬರ ಹತ್ತಿರ ಒಂದಿತ್ತು. ಒಂದು ಭಾನುವಾರದ ಮಟ್ಟಿಗೆ ಒಪ್ಪಿದರು. ಬೇರೆಯವರ ಕಾರಿನ ಮೇಲೆ ರೆಸಿನ್ ಸುರಿಯೋದು ಅಂದರೆ ಎದೆ ಡವಡವ. ಮೇಣ ಒಂದು ಕಡೆ ತೆಳುವಾದರೂ ಅಚ್ಚಿನ ಜೊತೆ ಅವರ ಪೇಂಟೂ ಎದ್ದು ಬರುತ್ತೆ.

ಕೆಲಸ ಕಲಿಸಿದವನು ನೀರಿನ ಟ್ಯಾಂಕು, ದಸರಾ ಟ್ಯಾಬ್ಲೋ, ದೇವಸ್ಥಾನದ ಫೈಬರ್ ಆನೆಗಳನ್ನು ಮಾಡುತ್ತಿದ್ದ ಹುಡುಗ. ಕಾರು ಮಾಡಿಯೇ ಇರಲಿಲ್ಲ. “ಆನೆ ಮಾಡಿದೀನಿ ಸಾರ್, ಇದೇನು ಮಹಾ” ಅಂದ. ಮೇಣವನ್ನು ಆರು ಸಲ ಹಚ್ಚಿ ಆರು ಸಲ ಉಜ್ಜಿಸಿದ. ಅದರ ಮೇಲೆ ಬಿಡಿಸುವ ದ್ರಾವಣ, ಆಮೇಲೆ ಜೆಲ್‌ಕೋಟ್, ಆಮೇಲೆ ಮ್ಯಾಟು. ರೆಸಿನ್‌ಗೆ ಎರಡು ಸೇರಿಸಬೇಕು, ಕೋಬಾಲ್ಟು ಮತ್ತು ಹಾರ್ಡನರು. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಬಾರದು, ಸಿಡಿಯುತ್ತೆ. ಮೊದಲು ಕೋಬಾಲ್ಟನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಅದೂ ನೂರಕ್ಕೆ ಒಂದೋ ಎರಡೋ. ಮಾರ್ಚಿ ಬಿಸಿಲಿನಲ್ಲಿ ಸ್ವಲ್ಪ ಜಾಸ್ತಿಯಾದರೆ ಮಗ್ಗಿನಲ್ಲೇ ಗಟ್ಟಿಯಾಗಿ ಹೊಗೆ ಏಳುತ್ತೆ (ಎರಡು ಮಗ್ಗು ಹೋದವು, ಒಂದು ಅತ್ತೆಯ ಬಚ್ಚಲಿನದು). ಮಳೆಗಾಲದ ತೇವಕ್ಕೆ ಅಂಟಂಟಾಗಿ ಉಳಿದುಬಿಡುತ್ತೆ. ಮೈಕೈ ತುರಿಕೆಯ ಬಗ್ಗೆ ಹೇಳೋದೇ ಬೇಡ. ಗ್ರೈಂಡರ್ ಹಿಡಿದ ದಿನ ಬಿಸಿನೀರು ಸ್ನಾನ ಮಾಡಬೇಡಿ, ಗಾಜಿನ ಪುಡಿ ಚರ್ಮದೊಳಗೆ ಇಳಿಯುತ್ತೆ, ತಣ್ಣೀರೇ ಸುರಿದುಕೊಳ್ಳಿ ಅಂತ ಆ ಹುಡುಗ ಹೇಳಿದ್ದ. ನಾನು ಕೇಳಲಿಲ್ಲ. ಅವತ್ತು ರಾತ್ರಿ ನಿದ್ದೆ ಇಲ್ಲ.

ಅಚ್ಚು ಎದ್ದು ಬಂತು. ಅವರ ಪೇಂಟು ಅವರ ಕಾರಿನಲ್ಲೇ ಉಳಿಯಿತು. ಅಚ್ಚಿನಿಂದ ನಮ್ಮ ಮಡ್‌ಗಾರ್ಡೂ ಹುಟ್ಟಿತು. ಈಗ ಕೂರಿಸೋದು.

ಕೂರಿಸೋದೇ ನಿಜವಾದ ಕೆಲಸ ಅಂತ ಆಗ ಗೊತ್ತಾಯಿತು. ರೆಸಿನ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತೆ. ಕೈಯಲ್ಲಿ ಹಾಸಿದ ಬಾಡಿ ಒಂದರ ಹಾಗೆ ಇನ್ನೊಂದು ಇರೋದೂ ಇಲ್ಲ. ರಿಲಯಂಟ್ ಆಗಲಿ, ಕಾರ್ವೆಟ್ ಆಗಲಿ, ಕೈಕೆಲಸದ ಗುಣವೇ ಅದು. ಮೊದಲು ಒಣದಾಗಿ ಇಟ್ಟು ನೋಡು, ಗುರುತು ಹಾಕು, ತೆಗಿ, ಉಜ್ಜು, ಮತ್ತೆ ಇಡು. ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಸೇರುವ ಕಡೆ ಹಳೇದು ಹೊಸದು ಎರಡರ ಅಂಚನ್ನೂ ದೋಸೆಯ ಅಂಚಿನ ಹಾಗೆ ತೆಳ್ಳಗೆ ಇಳಿಜಾರು ಮಾಡಬೇಕು, ಆಗಲೇ ಮ್ಯಾಟು ಎರಡನ್ನೂ ಹಿಡಿದುಕೊಳ್ಳೋದು. ತಾತ್ಕಾಲಿಕವಾಗಿ ಸ್ಕ್ರೂ ಹೊಡೆದು ನಿಲ್ಲಿಸಿ ಒಳಗಿನಿಂದ ಮ್ಯಾಟು ಹಾಕಬೇಕು. ಬೋಲ್ಟು ಬರುವ ಕಡೆ ಬರೀ ಫೈಬರಿಗೆ ಬಿಗಿದರೆ ಮತ್ತೆ ನಕ್ಷತ್ರದ ಬಿರುಕು, ಅದಕ್ಕೆ ಒಳಗೆ ತಗಡಿನ ಪಟ್ಟಿ ಹುದುಗಿಸಿ ಅಗಲವಾದ ವಾಷರ್ ಹಾಕಬೇಕು. ವೈರಿಂಗಿನಲ್ಲೂ ಹೀಗೇ ಒಂದು ತಕರಾರು. ಉಕ್ಕಿನ ಕಾರಿನಲ್ಲಿ ಇಡೀ ಮೈಯೇ ಅರ್ಥಿಂಗು. ಇಲ್ಲಿ ಒಂದೊಂದು ಲೈಟಿಗೂ ಬೇರೆ ಅರ್ಥ್ ವೈರ್ ಎಳೆಯಬೇಕು. ಎಡ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟು ಮಿಣಮಿಣ ಅನ್ನುತ್ತಿದ್ದ ಭೂತವನ್ನು ಆಮೇಲೆ ಹೀಗೆ ಬಿಡಿಸಿದೆವು.

ನಾವು ಎರಡು ವಾರ ಉಜ್ಜಿ ಉಜ್ಜಿ ಮಡ್‌ಗಾರ್ಡಿಗೂ ಬಾಗಿಲಿಗೂ ನಡುವಿನ ಗ್ಯಾಪು ದಾರ ಹಿಡಿದ ಹಾಗೆ ಮಾಡಿದೆವು. ಎಡ ಬಲ ಎರಡೂ ಒಂದೇ ಸಮ. ಮಡ್‌ಗಾರ್ಡನ್ನು ಶಾಶ್ವತವಾಗಿ ಅಂಟಿಸೋದು ಒಂದೇ ಬಾಕಿ. ನಾಳೆ ಅಂಟಿಸ್ತೀವಿ ಮಾವ, ಬಂದು ನೋಡಿ ಅಂತ ಕೈಹಿಡಿದು ಕರಕೊಂಡು ಬಂದೆ. ಮಾವ ಗ್ಯಾಪಿನ ಕಡೆ ನೋಡಲೇ ಇಲ್ಲ. ಬಾನೆಟ್ ಕಡೆ ನೋಡಿದರು.

“ಎಂಜಿನ್ ಎಲ್ಲೋ?”

“ರಿಪೇರಿಗೆ ಹೋಗಿದೆ ಮಾವ.”

“ಚಕ್ರ?”

ಚಕ್ರವೂ ಇರಲಿಲ್ಲ, ಕಾರು ಸ್ಟ್ಯಾಂಡಿನ ಮೇಲಿತ್ತು. ಮಾವ ನನ್ನ ಮುಖ ನೋಡಿ ಏನೂ ಹೇಳದೆ ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಎಂಜಿನ್ ತರಿಸಿ, ಇಳಿಸಿ, ಕಾರನ್ನು ಚಕ್ರದ ಮೇಲೆ ನಿಲ್ಲಿಸಿದೆವು. ಏಣಿಯಂಥ ಚಾಸಿ ತೂಕಕ್ಕೆ ತುಸು ಬಾಗುತ್ತೆ, ಅದರ ಜೊತೆ ಬಾಡಿಯೂ. ನಮ್ಮ ದಾರದಂಥ ಗ್ಯಾಪು ಮೇಲ್ಗಡೆ ಮುಚ್ಚಿಕೊಂಡು ಕೆಳಗಡೆ ಬಾಯಿಬಿಟ್ಟಿತ್ತು. ಎಡಬಾಗಿಲು ಮುಚ್ಚುತ್ತಲೇ ಇಲ್ಲ. ಅಂಟಿಸಿಬಿಟ್ಟಿದ್ದರೆ ಮತ್ತೆ ಗರಗಸ ಹಿಡಿಯಬೇಕಿತ್ತು. ಇದು ಪೂರ್ತಿ ನನ್ನದೇ ತಪ್ಪು, ಕಾರಿನದ್ದಲ್ಲ. ಪ್ಯಾನೆಲ್ ಕೂರಿಸುವಾಗ ಕಾರು ತನ್ನ ಪೂರ್ತಿ ತೂಕ ಹೊತ್ತು ತನ್ನ ಕಾಲ ಮೇಲೆ ನಿಂತಿರಬೇಕು. ನಿಮ್ಮಲ್ಲಿ ಯಾರಾದರೂ ಇಂಥ ಸಾಹಸಕ್ಕೆ ಇಳಿದರೆ ಇದೊಂದು ನೆನಪಿರಲಿ. ಬಾಡಿಗೂ ಚಾಸಿಗೂ ನಡುವಿನ ರಬ್ಬರ್ ಪ್ಯಾಕಿಂಗು, ಶಿಮ್ಮು ಸರಿಮಾಡಿಕೊಂಡು ಆಮೇಲೆ ಬಾಗಿಲು, ಕೊನೆಗೆ ಮಡ್‌ಗಾರ್ಡು. ನಾವು ಹಿಂದುಮುಂದಾಗಿ ಹೋಗಿದ್ದೆವು.

ಮತ್ತೆ ಶುರುಮಾಡುವಾಗ ಮಾವ ಒಂದು ಹಳೇ ನೋಟ್‌ಬುಕ್ ತಂದುಕೊಟ್ಟರು. 1984ರದ್ದು. ಟೂಲ್ ರೂಮಿನ ಮನುಷ್ಯ, ಹೊಸ ಕಾರು ತಂದ ತಿಂಗಳೇ ಎರಡೂ ಬಾಗಿಲು ತಾನೇ ಬಿಚ್ಚಿ ತನಗೆ ಬೇಕಾದ ಹಾಗೆ ಮತ್ತೆ ಕೂರಿಸಿದ್ದರಂತೆ. ಅತ್ತೆ ಈಗಲೂ ಅದಕ್ಕೆ ಬೈಯುತ್ತಾರೆ. ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಕಾರಿನ ಚಿತ್ರ, ಸುತ್ತ ಬಾಣದ ಗುರುತು, ಒಂದೊಂದು ಬಾಣಕ್ಕೆ ಒಂದೊಂದು ಅಳತೆ. ಎಡಬಾಗಿಲು ಮುಂದೆ 6 ಮಿಲಿಮೀಟರ್, ಬಲಬಾಗಿಲು ಮುಂದೆ 8. ಹಿಂದೆ ಎರಡೂ 7.

ಇಲ್ಲಿ ನಮಗೂ ಟ್ಯಾಬ್ಲೋ ಹುಡುಗನಿಗೂ ಜಗಳ. ಅವನ ಪ್ರಕಾರ ಎರಡೂ ಕಡೆ 5 ಮಾಡೋಣ, ಈಗಿನ ಕಾರುಗಳ ಹಾಗೆ ಕಾಣುತ್ತೆ. ನನಗೂ ಅದೇ ಆಸೆ ಇತ್ತು ಅಂತ ಒಪ್ಪಿಕೊಳ್ಳುತ್ತೇನೆ. ಹಳೇ ಕಾರು ಸರಿಮಾಡೋರ ನಡುವೆ ಇದು ಮುಗಿಯದ ವಾದ. ಕಾರನ್ನು ಇದ್ದ ಹಾಗೆ ಮಾಡಬೇಕೋ, ಇರಬೇಕಿದ್ದ ಹಾಗೆ ಮಾಡಬೇಕೋ? ಮಾವನನ್ನೇ ಕೇಳಿದೆ. “6 ಯಾಕೆ, 8 ಯಾಕೆ ಮಾವ? ನೀವು ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡಿದೋರಲ್ವಾ?”

“ಬಲಗಡೆ ನಾನು ಕೂತ್ಕೋತೀನಿ ಕಣೋ. ನನ್ನ ತೂಕಕ್ಕೆ ಅಷ್ಟು ಮುಚ್ಚುತ್ತೆ.”

ಆಮೇಲೆ ನಾವು ಮಾತಾಡಲಿಲ್ಲ. 6 ಮತ್ತು 8 ಅಂತಲೇ ಮಾಡಿದೆವು. ಅಂಟಿಸಿದ ಮೇಲೆ ಟ್ಯಾಬ್ಲೋ ಹುಡುಗ ಮೂರು ವಾರ ಪೇಂಟ್ ಮಾಡೋಕೆ ಬಿಡಲಿಲ್ಲ, ಬಿಸಿಲಿನಲ್ಲಿ ನಿಲ್ಲಿಸಿದ. ರೆಸಿನ್ ಪೂರ್ತಿ ಒಣಗೋ ಮುಂಚೆ ಬಣ್ಣ ಹೊಡೆದರೆ ಕೆಲವು ತಿಂಗಳಿಗೆ ಜೋಡಣೆಯ ಗೆರೆ ಮೇಲೆ ಎದ್ದು ಕಾಣುತ್ತಂತೆ. ಹಾಗಾಗಿ ಬಿಸಿಲು ಕಾಯಿಸಿದ ಹಪ್ಪಳದ ಹಾಗೆ ಕಾರು ಓಣಿಯಲ್ಲಿ ನಿಂತಿತ್ತು. ಹೋಗುವವರು ಬರುವವರೆಲ್ಲ ಒಂದು ಸಲ ಕುಟ್ಟಿ ನೋಡಿಯೇ ಮುಂದೆ ಹೋಗೋದು. ಒಬ್ಬ ತಾತ ನಿಂತು “ಇದು ನಮ್ಮೂರಲ್ಲೇ ಮಾಡ್ತಿದ್ದ ಕಾರಲ್ವೇನ್ರಿ?” ಅಂದರು. ನಮ್ಮೂರಲ್ಲೇ ಅನ್ನೋ ಮಾತನ್ನು ಅವರು ಒತ್ತಿ ಹೇಳಿದ ರೀತಿ ನನಗೆ ಬಹಳ ಹಿಡಿಸಿತು.

ನಮ್ಮೂರು ಈ ಉಪಾಯವನ್ನು ಪೂರ್ತಿ ಬಿಟ್ಟಿರಲಿಲ್ಲ ಅನ್ನೋದನ್ನೂ ಹೇಳಬೇಕು. 1993ರಲ್ಲಿ ಬೆಂಗಳೂರಿನ ಎನ್ಎಎಲ್‌ನವರು ಹಾರಿಸಿದ ‘ಹಂಸ’ ತರಬೇತಿ ವಿಮಾನದ ಮೈಯೂ ನೂಲು-ರಾಳದ ಸಂಸಾರವೇ, ಬಹಳ ಓದಿಕೊಂಡ ಸಂಸಾರ ಅಷ್ಟೆ. 2001ರಲ್ಲಿ ಇದೇ ಬೆಂಗಳೂರಿನಿಂದ ಬಂದ ರೇವಾ ಕರೆಂಟ್ ಕಾರು ನೆನಪಿದೆಯಲ್ಲ? ಅದರ ಉಕ್ಕಿನ ಹಂದರದ ಮೇಲಿದ್ದದ್ದೂ ತಗಡಲ್ಲ, ಎಬಿಎಸ್ ಪ್ಲಾಸ್ಟಿಕ್. ಸಣ್ಣ ಕಂಪನಿ, ಕಡಿಮೆ ಕಾರು, ದುಬಾರಿ ಪ್ರೆಸ್ಸಿನ ಸಹವಾಸ ಬೇಡ, ಅದೇ ಹಳೇ ಲೆಕ್ಕ. ರೇವಾ 2004ರಿಂದ ಲಂಡನ್ನಿನ ಬೀದಿಗಳಲ್ಲೂ ಓಡಿತು, 2010ರಲ್ಲಿ ಮಹೀಂದ್ರಾ ತೆಕ್ಕೆಗೆ ಹೋಯಿತು. ಇಂಗ್ಲೆಂಡಿನಿಂದ ಬಂದ ಸಾಲವನ್ನು ಬೆಂಗಳೂರು ಹೀಗೆ ತೀರಿಸಿತು ಅಂತ ನಾನು ಮಾವನಿಗೆ ಹೇಳಿದೆ. ಅವರಿಗೇನೂ ಅಂಥ ಖುಷಿಯಾಗಲಿಲ್ಲ, “ರೇವಾಗೂ ಎರಡೇ ಬಾಗಿಲಲ್ವೇನೋ” ಅಂದರು.

ಅಂದಹಾಗೆ ಕಾನೂನಿನ ಕಣ್ಣಲ್ಲಿ ನಮ್ಮ ಕಾರು ಇನ್ನೂ ವಿಂಟೇಜ್ ಅಲ್ಲ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಬೇಕು. ಅಂದರೆ 2034. ಅಲ್ಲಿವರೆಗೆ ಅದು ಬರೀ ಹಳೇ ಕಾರು.

2023ರ ಫೆಬ್ರವರಿಯ ಒಂದು ಬೆಳಗ್ಗೆ ಆರಕ್ಕೆ, ಟ್ರಾಫಿಕ್ ಏಳೋ ಮುಂಚೆ, ಹೊರಗೆ ತೆಗೆದೆವು. ಅತ್ತೆ ನಿಂಬೆಹಣ್ಣು ಇಟ್ಟರು. ಮಾವ ಡ್ರೈವರ್ ಸೀಟಿಗೆ ಹೋಗೋಕೆ ನೋಡಿದರು, ಅತ್ತೆ ಬಿಡಲಿಲ್ಲ. ಹಾಗಾಗಿ ಎಡಗಡೆ ಕೂತರು. ಬಾಗಿಲು ಎಳೆದುಕೊಂಡರು. ಉಕ್ಕಿನ ಕಾರಿನ ‘ಧಬ್’ ಅಲ್ಲ, ಅದೇ ಟೊಳ್ಳು ‘ಟಪ್’. ಒಂದೇ ಏಟಿಗೆ ಕೂತಿತು. ಎನ್.ಆರ್. ಕಾಲೊನಿ ದಾಟಿ, ಗಾಂಧಿ ಬಜಾರಿನಲ್ಲಿ ಒಂದು ಸುತ್ತು ಹಾಕಿ, ಕಾಫಿ ಕುಡಿದು ವಾಪಸ್ ಬಂದೆವು. ಇಳಿದ ಮೇಲೆ ಮಾವ ಜುಬ್ಬದ ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದು ಬಲಬಾಗಿಲಿನ ಸಂದಿಗೆ ಇಟ್ಟು ನೋಡಿದರು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“7 ಇದೆ. ನೀನು ನನಗಿಂತ ದಪ್ಪ ಆಗಿದೀಯ.”